ಎರಡು ಬಾಟಲಿ, ಒಂದು ಹೊಳೆ

ನನ್ನ ಗೆಳೆಯನೊಬ್ಬ ಕೆಂಗೇರಿಯಲ್ಲಿದ್ದಾನೆ. ಒಂದು ಭಾನುವಾರ ಬೆಳಗ್ಗೆ ವಿಜಯನಗರದ ನಮ್ಮ ಮನೆಗೆ ಬಂದಾಗ ಅವನ ಕೈಯಲ್ಲಿ ಒಂದು ಲೀಟರಿನ ನೀರಿನ ಬಾಟಲಿ ಇತ್ತು. ಒಳಗಿದ್ದದ್ದು ಕುಡಿಯೋ ನೀರಲ್ಲ. ಮೈಸೂರು ರಸ್ತೆ ಪಕ್ಕ ಹರಿಯೋ ವೃಷಭಾವತಿಗೆ ಹಗ್ಗ ಕಟ್ಟಿದ ಬಕೆಟ್ ಇಳಿಸಿ ತುಂಬಿಸಿಕೊಂಡು ಬಂದಿದ್ದ. ಡಿಕಾಕ್ಷನ್‌ಗಿಂತ ಕಪ್ಪು ಬಣ್ಣ, ಮೇಲೆ ಸೋಪಿನಂಥ ನೊರೆ. ಅಮ್ಮ ಸೆರಗಲ್ಲಿ ಮೂಗು ಮುಚ್ಚಿಕೊಂಡು, "ಮೊದಲು ಅದನ್ನ ಬಾಲ್ಕನಿಗೆ ಇಡ್ರಪ್ಪಾ" ಅಂದರು.

"ಮಗಾ, ಇದನ್ನ ಜಡ್ಜ್ ಟೇಬಲ್ ಮೇಲಿಟ್ಟು ಮುಚ್ಚಳ ತೆಗೆದ್ರೆ ಸಾಕು. ಬೇರೆ ಸಾಕ್ಷಿ ಯಾಕೆ ಬೇಕು?" ಅಂದ ಅವನು.

ನನಗೂ ಹಾಗೇ ಅನ್ನಿಸಿತು. ಆಮೇಲೆ ಮೂರ್ನಾಲ್ಕು ವಾರ ಆಫೀಸು ಮುಗಿಸಿ ಬಂದು ಕಾನೂನು, ತೀರ್ಪು ಅಂತ ಓದುತ್ತಾ ಕೂತೆ. ನಾನು ವಕೀಲನಲ್ಲ. ಆದರೆ ತೀರ್ಪುಗಳು ಯಾರು ಬೇಕಾದರೂ ಓದಬಹುದಾದ ದಾಖಲೆಗಳು, ಸ್ವಲ್ಪ ತಾಳ್ಮೆ ಬೇಕು ಅಷ್ಟೆ. ಓದಿ ಮುಗಿಸೋ ಹೊತ್ತಿಗೆ ಎರಡು ವಿಷಯ ಗೊತ್ತಾಯಿತು. ಒಂದು, ನಮ್ಮ ಬಾಟಲಿಗೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆಯೂ ಇಲ್ಲ. ಎರಡು, ಸರ್ಕಾರದ ಮಾಲಿನ್ಯ ನಿಯಂತ್ರಣ ಮಂಡಳಿಗಳೇ ಹಾಕಿದ ಕೇಸುಗಳು ಕೂಡ ನೀರು ಕೊಳಕಾಗಿತ್ತೋ ಇಲ್ಲವೋ ಅನ್ನೋ ಪ್ರಶ್ನೆಗೆ ತಲುಪುವ ಮೊದಲೇ ಹೊಸ್ತಿಲಲ್ಲಿ ವರ್ಷಗಟ್ಟಲೆ ನಿಂತಿವೆ. ಕೆಲವು ಸಲ ಅದು ಮಂಡಳಿಯ ತಪ್ಪು. ಕೆಲವು ಸಲ ಕೋರ್ಟಿನದೇ ತಪ್ಪು. ಈ ಎರಡನೆಯದರ ಬಗ್ಗೆ ನಾವು ಅಷ್ಟಾಗಿ ಮಾತಾಡಿಲ್ಲ.

ಮೊದಲು ಹೊಳೆಯ ಕಥೆ. ವೃಷಭಾವತಿ ಹುಟ್ಟೋದು ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಅನ್ನೋದು ಪ್ರತೀತಿ. ಹೆಸರು ಬಂದದ್ದೂ ಹಾಗೇ. ಮಲ್ಲೇಶ್ವರ, ರಾಜಾಜಿನಗರ, ಪೀಣ್ಯದ ಕಡೆಯಿಂದಲೂ ಕವಲುಗಳು ಬಂದು ಸೇರುತ್ತವೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಇದರ ದಡದಲ್ಲೇ ಇದೆ. ಹೊಲಸು ನೀರಿನ ಪಕ್ಕ ಯಾರೂ ದೇವಸ್ಥಾನ ಕಟ್ಟೋದಿಲ್ಲ, ಅಂದರೆ ಕಟ್ಟಿದ ಕಾಲದಲ್ಲಿ ನೀರು ಹೇಗಿತ್ತು ಅಂತ ನೀವೇ ಊಹಿಸಿಕೊಳ್ಳಿ. ಅಲ್ಲಿಂದ ನಾಯಂಡಹಳ್ಳಿ, ಕೆಂಗೇರಿ, ಬಿಡದಿ ದಾಟಿ ಬೈರಮಂಗಲ ಕೆರೆಗೆ, ಮುಂದೆ ಕನಕಪುರದ ಕಡೆ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಇಳಿಜಾರೆಲ್ಲ ಇದೇ ಕಣಿವೆಗೆ.

ಬೆಂಗಳೂರಿನ ಪಶ್ಚಿಮ ಭಾಗ ಮೊದಲಿಂದಲೂ ದುಡಿಮೆಯ ಕಡೆ. ಬಿನ್ನಿಪೇಟೆಯಲ್ಲಿ ಮಿಲ್ಲು, ಸ್ವಾತಂತ್ರ್ಯದ ಹೊತ್ತಿಗೆ ರಾಜಾಜಿನಗರದಲ್ಲಿ ಕೈಗಾರಿಕಾ ಉಪನಗರ, 70ರ ದಶಕದಲ್ಲಿ ಪೀಣ್ಯ. ದೊಡ್ಡ ಕಾರ್ಖಾನೆಗಳ ಬೆನ್ನಿಗೆ ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಥರದ ಸಣ್ಣ ಸಣ್ಣ ಘಟಕಗಳು ಬೆಳೆದವು. ನಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಇಲ್ಲೇ ಪಾಳಿ ಮಾಡಿ ನಮ್ಮನ್ನ ಓದಿಸಿದ್ದು. ಹಾಗಾಗಿ ಕಾರ್ಖಾನೆ ಅಂದ ತಕ್ಷಣ ಖಳನಾಯಕ ಅನ್ನೋ ಬರಹ ಇದಲ್ಲ. ಆದರೆ ಲೋಹಕ್ಕೆ ಹೊಳಪು ಕೊಡೋ ಕೆಲಸದ ಕೊನೆಗೆ ಕ್ರೋಮಿಯಂನಂಥ ವಿಷ ಕೂಡಿದ ನೀರು ಉಳಿಯುತ್ತೆ. ಅದನ್ನ ಶುದ್ಧ ಮಾಡೋದಕ್ಕೆ ದುಡ್ಡು ಬೇಕು, ರಾತ್ರಿ ಚರಂಡಿಗೆ ಬಿಡೋದಕ್ಕೆ ಬೇಡ. ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು ಅಂತ ಸಾಮಾನ್ಯ ಮಾನದಂಡ ಇದೆ. ಅಷ್ಟು ಸಣ್ಣ ಪ್ರಮಾಣ ಕಣ್ಣಿಗೂ ಕಾಣಲ್ಲ, ಮೂಗಿಗೂ ತಿಳಿಯಲ್ಲ. ಲ್ಯಾಬೇ ಹೇಳಬೇಕು.

ಇದಕ್ಕಾಗಿ ಬಂದ ಕಾನೂನು 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆ. ನೀರು ರಾಜ್ಯಗಳ ಪಟ್ಟಿಯ ವಿಷಯ. ಹಾಗಾಗಿ ಕೆಲವು ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿ ಕೇಳಿಕೊಂಡ ಮೇಲೆ ಸಂಸತ್ತು ಇದನ್ನ ಮಾಡಿತು. ಹಾಗೆ ಮೊದಲೇ ಕೇಳಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ಸೆಪ್ಟೆಂಬರ್ 21ಕ್ಕೆ ನಮ್ಮ ರಾಜ್ಯದ ಮಂಡಳಿಯೂ ಹುಟ್ಟಿತು. ಒಪ್ಪಿಗೆಯಿಲ್ಲದೆ ತ್ಯಾಜ್ಯ ನೀರು ಬಿಟ್ಟರೆ ಕನಿಷ್ಠ ಆರು ತಿಂಗಳು, ಗರಿಷ್ಠ ಆರು ವರ್ಷ ಜೈಲು. 1988ರ ತಿದ್ದುಪಡಿಯಲ್ಲಿ ಕನಿಷ್ಠ ಶಿಕ್ಷೆ ಒಂದೂವರೆ ವರ್ಷಕ್ಕೆ ಏರಿತು. ಕಾಗದದ ಮೇಲೆ ನೋಡಿದರೆ ಭಯ ಆಗೋ ಕಾನೂನು.

ಶಿಕ್ಷೆ ಕಠಿಣ ಆದ್ದರಿಂದ ಸಾಕ್ಷಿಯೂ ಗಟ್ಟಿಯಾಗಿರಬೇಕು ಅಂತ ಕಾಯ್ದೆ ಬರೆದವರು ಯೋಚಿಸಿದ್ದರು. ಅದಕ್ಕೇ ಸೆಕ್ಷನ್ 21. ಮಂಡಳಿಯ ಅಧಿಕಾರಿ ಕಾರ್ಖಾನೆಯಿಂದ ಹೊರಬರುವ ನೀರಿನ ಮಾದರಿ ತೆಗೆದರೆ, "ಇದನ್ನ ಪರೀಕ್ಷೆಗೆ ಕಳಿಸ್ತೀನಿ" ಅಂತ ಅಲ್ಲೇ, ಆಗಲೇ ನೋಟಿಸ್ ಕೊಡಬೇಕು. ಕಾರ್ಖಾನೆಯವರ ಎದುರಿಗೇ ಮಾದರಿಯನ್ನ ಎರಡು ಭಾಗ ಮಾಡಬೇಕು. ಎರಡೂ ಬಾಟಲಿಗೆ ಗುರುತು, ಸೀಲು, ಇಬ್ಬರ ಸಹಿ. ಒಂದು ಬಾಟಲಿ ತಡ ಮಾಡದೆ ಮಂಡಳಿಯ ಅಥವಾ ಮಂಡಳಿ ಮಾನ್ಯ ಮಾಡಿದ ಲ್ಯಾಬಿಗೆ. ಕಾರ್ಖಾನೆಯವರು ಕೇಳಿದರೆ ಎರಡನೆಯದು ಕಾಯ್ದೆಯೇ ಹೇಳುವ ರಾಜ್ಯದ ಜಲ ಪ್ರಯೋಗಾಲಯಕ್ಕೆ. ಅವರು ಬೇಕಂತಲೇ ತಪ್ಪಿಸಿಕೊಂಡರೆ, ಎದುರಿಗಿದ್ದೂ ಎರಡು ಭಾಗ ಮಾಡಿ ಅಂತ ಕೇಳದಿದ್ದರೆ ಏನು ಮಾಡಬೇಕು ಅನ್ನೋದನ್ನೂ ಬರೆದಿದ್ದಾರೆ. ಈ ಕ್ರಮ ಪಾಲಿಸದಿದ್ದರೆ ಲ್ಯಾಬ್ ವರದಿ ಸಾಕ್ಷ್ಯವೇ ಅಲ್ಲ.

ಹಾಲಿನ ಕಲಬೆರಕೆ ಕೇಸುಗಳು ಗೊತ್ತಿದ್ದವರಿಗೆ ಇದು ಹೊಸದಲ್ಲ. 1954ರ ಆಹಾರ ಕಲಬೆರಕೆ ಕಾಯ್ದೆಯಲ್ಲೂ ಮಾದರಿಯನ್ನ ಮೂರು ಭಾಗ ಮಾಡೋ ನಿಯಮ ಇತ್ತು. ಅಧಿಕಾರಿಯ ಕೈಯಲ್ಲಿರೋ ಬಾಟಲಿಯೊಂದೇ ಸತ್ಯ ಅಂತ ಆದರೆ ಬೇರೆ ಕಡೆಯ ನೀರು ತುಂಬಿಸಿ ಯಾರನ್ನ ಬೇಕಾದರೂ ಸಿಕ್ಕಿಸಬಹುದು, ಇಲ್ಲವೇ ಸಿಕ್ಕಿಸ್ತೀನಿ ಅಂತ ಹೆದರಿಸಿ ಜೇಬು ತುಂಬಿಸಿಕೊಳ್ಳಬಹುದು. ಎರಡನೆಯ ಬಾಟಲಿ ಇರೋದು ಅದನ್ನ ತಡೆಯೋದಕ್ಕೆ. ಗೆಳೆಯ ತಂದ ಬಾಟಲಿಗೆ ಬೆಲೆಯಿಲ್ಲ ಅಂದದ್ದು ಇದಕ್ಕೇ. ಅದು ಹೊಳೆಯ ನೀರು, ಯಾವ ಕಾರ್ಖಾನೆಯ ಕಡೆಗೂ ಬೊಟ್ಟು ಮಾಡಲ್ಲ. ಅದನ್ನ ತುಂಬಿಸೋ ಅಧಿಕಾರವೂ ಅವನಿಗಿರಲಿಲ್ಲ.

1986ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಡೆಲ್ಲಿ ಬಾಟ್ಲಿಂಗ್ ಕಂಪನಿಯ ಪ್ರಕರಣ ಬಂತು. ಅಲ್ಲಿ ಕೇಂದ್ರ ಮಂಡಳಿ ತೆಗೆದ ಮಾದರಿಯ ಪರೀಕ್ಷೆ ಕಾನೂನು ಹೇಳಿದ ಕ್ರಮದಲ್ಲಿ ನಡೆದಿರಲಿಲ್ಲ. ವರದಿಯನ್ನ ಸಾಕ್ಷ್ಯವಾಗಿ ತಗೊಳ್ಳೋಕೆ ಬರಲ್ಲ ಅಂತ ಕೋರ್ಟ್ ಹೇಳಿತು. ಓದಿದಾಗ ಸಿಟ್ಟು ಬಂತು. ಎರಡನೇ ಸಲ ಓದಿದಾಗ ಕೋರ್ಟ್ ಹೇಳಿದ್ದೇ ಸರಿ ಅನ್ನಿಸಿತು. ಎಡವಿದ್ದು ಮಂಡಳಿ. ಈ ಥರದ ಕ್ರಮ ಸತ್ಯ ಯಾವುದು ಅಂತ ತಿಳಿಯೋದಕ್ಕೇ ಇರೋದು. ಅದನ್ನ ಬಿಟ್ಟರೆ ನ್ಯಾಯವೇ ಕೆಡುತ್ತೆ.

ಆದರೆ ಎಲ್ಲ ಕ್ರಮವೂ ಈ ಥರದ್ದಲ್ಲ. ಉತ್ತರ ಪ್ರದೇಶದ ಎರಡು ಕೇಸುಗಳನ್ನ ನೋಡಿ.

ಮೊದಲನೆಯದು ಮೋದಿನಗರದ ಮೋದಿ ಡಿಸ್ಟಿಲರಿ. ಕಾಳಿ ನದಿಗೆ ತ್ಯಾಜ್ಯ ಬಿಡುತ್ತಿದೆ ಅಂತ ಅಲ್ಲಿನ ಮಂಡಳಿ ದೂರು ಕೊಟ್ಟಿತು. ಕಂಪನಿಯ ಅಧ್ಯಕ್ಷರು, ನಿರ್ದೇಶಕರು ಆರೋಪಿಗಳು. ಮ್ಯಾಜಿಸ್ಟ್ರೇಟ್ ಸಮನ್ಸ್ ಕಳಿಸಿದರು. ಅಲಹಾಬಾದ್ ಹೈಕೋರ್ಟ್ ಅದನ್ನ ರದ್ದು ಮಾಡಿತು. ಕಾರಣ? ದೂರಿನಲ್ಲಿ ಮೋದಿ ಡಿಸ್ಟಿಲರಿ ಅಂತ ಇತ್ತು, ಅದರ ಒಡೆತನ ಇದ್ದದ್ದು ಮೋದಿ ಇಂಡಸ್ಟ್ರೀಸ್ ಲಿಮಿಟೆಡ್ ಅನ್ನೋ ಕಂಪನಿಗೆ. ಕಂಪನಿಯೇ ಆರೋಪಿ ಅಲ್ಲದ ಮೇಲೆ ನಿರ್ದೇಶಕರನ್ನ ಹಿಡಿಯೋದು ಹೇಗೆ ಅನ್ನೋ ತರ್ಕ. 1987ರಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನ ತಳ್ಳಿಹಾಕಿತು. ಹೆಸರಿನ ಲೋಪ ತಿದ್ದಬಹುದಾದದ್ದು, ತಿದ್ದಿಕೊಳ್ಳಿ, ಕೇಸು ಮುಂದೆ ನಡೀಲಿ ಅಂತ. ಮಂಡಳಿ ವಿವರ ಕೇಳಿದಾಗ ಆ ಕಡೆಯವರು ಕೊಡದೇ ಇದ್ದದ್ದೂ ಈ ಲೋಪಕ್ಕೆ ಕಾರಣ ಅನ್ನೋದನ್ನ ಕೋರ್ಟ್ ಗಮನಿಸಿತು. ಅಲ್ಲಿಗೆ ಮುಗೀತಾ? ಇಲ್ಲ. 2008ರ ಡಿಸೆಂಬರಿನಲ್ಲಿ ಅದೇ ಡಿಸ್ಟಿಲರಿಯ ವ್ಯಾಜ್ಯ ಮತ್ತೆ ಸುಪ್ರೀಂ ಕೋರ್ಟಿನಲ್ಲಿತ್ತು. ಮತ್ತೆ ಹೈಕೋರ್ಟಿನ ಆದೇಶ ರದ್ದಾಯಿತು. ಮಧ್ಯೆ 21 ವರ್ಷ.

ಎರಡನೆಯದು ಲಕ್ನೋದ ಮೋಹನ್ ಮೀಕಿನ್ಸ್ ಪ್ರಕರಣ, ನದಿ ಗೋಮತಿ. ಮ್ಯಾಜಿಸ್ಟ್ರೇಟ್ ದೂರು ಓದಿ ಸಮನ್ಸ್ ಹೊರಡಿಸಿದರು. ಯಾಕೆ ಹೊರಡಿಸ್ತಿದ್ದೀನಿ ಅಂತ ಕಾರಣ ಬರೆದಿಲ್ಲ ಅಂತ ಸೆಷನ್ಸ್ ಕೋರ್ಟ್ ಅದನ್ನ ಹೊಡೆದುಹಾಕಿತು. ಹೈಕೋರ್ಟ್ ಅದನ್ನೇ ಒಪ್ಪಿಕೊಂಡಿತು. 2000ದ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಇಬ್ಬರದೂ ತಪ್ಪು ಅಂದಿತು. ಸಮನ್ಸ್ ಹಂತದಲ್ಲಿ ಮ್ಯಾಜಿಸ್ಟ್ರೇಟ್ ವಿವರವಾದ ಕಾರಣ ಬರೆಯಬೇಕು ಅಂತ ಕಾನೂನು ಹೇಳಲ್ಲ. ಬರೆಯಲೇಬೇಕು ಅಂದರೆ ಕೆಲಸದ ಹೊರೆಯಲ್ಲಿರೋ ಕೆಳಗಿನ ಕೋರ್ಟುಗಳು ಇನ್ನೂ ನಿಧಾನ ಆಗ್ತವೆ. ಇಷ್ಟು ವರ್ಷ ಕಳೆಯಿತು ಅನ್ನೋ ಕಾರಣಕ್ಕೆ ಆರೋಪಿಗಳನ್ನ ಬಿಡೋಕಾಗಲ್ಲ ಅಂತಲೂ ಹೇಳಿತು. ಮಂಡಳಿ ತಪ್ಪು ಕಂಡುಹಿಡಿದು ಆಗಲೇ ಹತ್ತಿರ ಹತ್ತಿರ 17 ವರ್ಷ ಆಗಿತ್ತು. ಆ 17 ವರ್ಷದ ಮೇಲೆ ಬಂದ ತೀರ್ಪು ಕಂಪನಿ ತಪ್ಪು ಮಾಡಿತ್ತೋ ಇಲ್ಲವೋ ಅಂತ ಹೇಳಲಿಲ್ಲ, ಹೇಳುವ ಹಂತವೂ ಅದಾಗಿರಲಿಲ್ಲ. ವಿಚಾರಣೆ ಶುರು ಮಾಡಬಹುದು ಅಂತ ಹೇಳಿತು, ಅಷ್ಟೇ.

ಉತ್ತರ ಪ್ರದೇಶದ ಕಥೆ ನಮಗ್ಯಾಕೆ ಅನ್ನಬೇಡಿ. ನಮ್ಮ ಮಂಡಳಿಯ ಕೇಸುಗಳೂ ಇದೇ ಹೊಸ್ತಿಲಲ್ಲಿ ನಿಂತಿವೆ. ನಮ್ಮ ರಾಜ್ಯದ ನಗರಸಭೆಗಳು ಶುದ್ಧ ಮಾಡದ ಒಳಚರಂಡಿ ನೀರು ಬಿಟ್ಟದ್ದಕ್ಕೆ ಮಂಡಳಿ ಅಲ್ಲಿನ ಅಧಿಕಾರಿಗಳ ಮೇಲೆ ದೂರು ಹಾಕಿತ್ತು. ಅಧಿಕಾರಿಗಳ ಕಡೆಯಿಂದ ಎರಡು ವಾದ ಬಂತು. ಒಂದು, ಸರ್ಕಾರಿ ನೌಕರನ ಮೇಲೆ ಕೇಸು ನಡೆಸೋಕೆ ಸರ್ಕಾರದ ಪೂರ್ವಾನುಮತಿ ಬೇಕು, ಅದು ಇಲ್ಲ. ಎರಡು, ಕಾಯ್ದೆಯ ಸೆಕ್ಷನ್ 48 ಹೇಳೋದು ಇಲಾಖೆಯ ಮುಖ್ಯಸ್ಥರ ಬಗ್ಗೆ, ನಗರಸಭೆಯ ಆಯುಕ್ತ ಇಲಾಖೆಯ ಮುಖ್ಯಸ್ಥ ಹೇಗಾಗ್ತಾನೆ? 2015ರಲ್ಲಿ ಸುಪ್ರೀಂ ಕೋರ್ಟ್ ಪೂರ್ವಾನುಮತಿಯ ವಾದ ಒಪ್ಪಲಿಲ್ಲ. ಆದರೂ ಎರಡನೆಯ ವಾದದ ಮೇಲೆ ಇಲ್ಲಿ ಕೇಸುಗಳು ರದ್ದಾದವು. 2019ರಲ್ಲಿ ಮತ್ತೆ ಸುಪ್ರೀಂ ಕೋರ್ಟ್ ಮಧ್ಯೆ ಬಂದು, ನಗರಸಭೆ ಕಾನೂನಿನ ಪ್ರಕಾರ ಒಂದು ನಿಗಮಿತ ಸಂಸ್ಥೆ, ಹಾಗಾಗಿ ಕಂಪನಿಗಳಿಗೆ ಹೇಳಿದ ಸೆಕ್ಷನ್ 47ರಲ್ಲೇ ಅದು ಬರುತ್ತೆ ಅಂತ ಬಿಡಿಸಿ ಹೇಳಬೇಕಾಯಿತು. 2021ರಲ್ಲಿ ಪೂರ್ವಾನುಮತಿ ಪ್ರಶ್ನೆ ಮತ್ತೊಂದು ಕೇಸಿನಲ್ಲಿ ದೆಹಲಿಗೆ ಹೋಯಿತು. ಉತ್ತರ ಅದೇ.

ಇವು ಒಳಚರಂಡಿ ಕೇಸುಗಳು, ಕಾರ್ಖಾನೆಯವಲ್ಲ, ನಿಜ. ಆದರೆ ವೃಷಭಾವತಿಯಲ್ಲಿ ಇವೆರಡನ್ನ ಬೇರೆ ಮಾಡೋಕಾಗಲ್ಲ. ಹೊಳೆಯ ಬಹುಪಾಲು ನೀರು ನಮ್ಮ ನಿಮ್ಮ ಬಚ್ಚಲಿನದು. ಕಾರ್ಖಾನೆಯ ನೀರು ಅದರೊಳಗೆ ಬಚ್ಚಿಟ್ಟುಕೊಳ್ಳುತ್ತೆ. ಒಳಚರಂಡಿ ನೀರನ್ನ ಯಾರೂ ಕೇಳದಿದ್ದಾಗ, ಅದರ ಜೊತೆ ಕದ್ದು ಬಂದದ್ದನ್ನ ಕೇಳೋರು ಯಾರು?

ಇಷ್ಟೆಲ್ಲ ಓದಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟ ಆಯಿತು. ಕೋರ್ಟಿನ ಕ್ರಮಗಳಲ್ಲಿ ಎರಡು ಜಾತಿ. ಎರಡು ಬಾಟಲಿಯ ನಿಯಮ ಸತ್ಯವನ್ನ ಕಾಯೋ ಕ್ರಮ. ಅದು ಮುರಿದರೆ ತಪ್ಪಿಲ್ಲದವನು ಜೈಲಿಗೆ ಹೋಗಬಹುದು. ದೂರಿನಲ್ಲಿ ಕಂಪನಿಯ ಪೂರ್ತಿ ಹೆಸರು ಇದೆಯಾ, ಸಮನ್ಸಿನ ಜೊತೆ ಒಂದು ಪ್ಯಾರಾ ಕಾರಣ ಇದೆಯಾ, ಇವೆಲ್ಲ ದಾರಿ ಸರಿಯಾಗಿರಲಿ ಅಂತ ಇರೋ ಕ್ರಮ. ಕೆಟ್ಟರೆ ತಿದ್ದಿಕೊಂಡು ಮುಂದೆ ಹೋಗಬಹುದು. ಈ ಕೇಸುಗಳಲ್ಲಿ ಕೋರ್ಟುಗಳು ಮಾಡಿದ ತಪ್ಪು ಏನು ಅಂದರೆ ಎರಡನೆಯದಕ್ಕೆ ಮೊದಲನೆಯದರ ಬೆಲೆ ಕೊಟ್ಟದ್ದು. ತಿದ್ದಿಸಬೇಕಾದ ಕಡೆ ರದ್ದು ಮಾಡಿದ್ದು. ಮೇಲಿನ ಕೋರ್ಟ್ ಸರಿಪಡಿಸಿತು, ನಿಜ. ಆದರೆ ಸರಿಪಡಿಸೋ ಹೊತ್ತಿಗೆ ಮಾದರಿ ತೆಗೆದ ಅಧಿಕಾರಿ ವರ್ಗ ಆಗಿ ನಿವೃತ್ತನೂ ಆಗಿರ್ತಾನೆ, ಕಾರ್ಖಾನೆಯ ಯಜಮಾನ ಬದಲಾಗಿರ್ತಾನೆ, ಮಹಜರಿಗೆ ಸಹಿ ಹಾಕಿದವನಿಗೆ ಅವತ್ತು ಏನಾಯಿತು ಅನ್ನೋದೇ ಮರೆತುಹೋಗಿರುತ್ತೆ. ಆಸ್ತಿ ಕೇಸಿನಲ್ಲಿ 20 ವರ್ಷ ಕಳೆದರೂ ಸೈಟು ಅಲ್ಲೇ ಇರುತ್ತೆ. ಹೊಳೆ ಹಾಗಲ್ಲ. ಅವತ್ತಿನ ನೀರು ಅವತ್ತೇ ಬೈರಮಂಗಲದ ಗದ್ದೆಗೆ ಹೋಗಿ ಆಗಿರುತ್ತೆ. ಆ ಕೆರೆಯ ಕೆಳಗಿನ ರೈತರು ಇದೇ ನೀರಲ್ಲಿ ಬೆಳೆ ತೆಗೆದಿದ್ದಾರೆ.

ಕೋರ್ಟು ನಿಧಾನ ಅಂತ ಗೊತ್ತಾದ ಮೇಲೆ ಕಾನೂನು ಸುಮ್ಮನೆ ಕೂರಲಿಲ್ಲ, ಅದರ ಪಕ್ಕದಲ್ಲೇ ಬೇರೆ ದಾರಿ ಮಾಡಿಕೊಂಡಿತು. 1988ರಲ್ಲಿ ಸೆಕ್ಷನ್ 33ಎ ಬಂತು. ಮಂಡಳಿಯೇ ಕಾರ್ಖಾನೆ ಮುಚ್ಚಿಸಬಹುದು, ಕರೆಂಟು, ನೀರು ಕಡಿಸಬಹುದು, ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಾಗಿಲ್ಲ. 2010ರ ಕಾಯ್ದೆಯಿಂದ ಹಸಿರು ನ್ಯಾಯಮಂಡಳಿ ಬಂತು. ಅದು ಪರಿಹಾರ ಕೊಡಿಸಬಹುದು, ಯಾರನ್ನೂ ಜೈಲಿಗೆ ಕಳಿಸೋಕಾಗಲ್ಲ. ವೃಷಭಾವತಿಯ ವಿಷಯ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಹೈಕೋರ್ಟಿಗೆ ಹೋದಾಗ ಕೋರ್ಟ್ ನಾಗಪುರದ ನೀರಿ ಸಂಸ್ಥೆಯ ತಜ್ಞರ ನೆರವು ತಗೊಳ್ಳಿ ಅಂದಿತು. ಒಳ್ಳೇದೇ. ಆದರೆ ಅಧ್ಯಯನದಲ್ಲಿ ಆರೋಪಿ ಅಂತ ಯಾರೂ ಇರಲ್ಲ.

ಕೊನೆಗೆ 2024ರ ತಿದ್ದುಪಡಿ. ಒಪ್ಪಿಗೆಯಿಲ್ಲದೆ ನೀರು ಬಿಡೋದೂ ಸೇರಿ ಎಷ್ಟೋ ತಪ್ಪುಗಳಿಗಿದ್ದ ಜೈಲು ಶಿಕ್ಷೆ ಬಹುಮಟ್ಟಿಗೆ ಹೋಗಿ, ಆ ಜಾಗಕ್ಕೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಅದನ್ನ ತೀರ್ಮಾನಿಸೋದು ಕೋರ್ಟಲ್ಲ, ಸರ್ಕಾರ ನೇಮಿಸೋ ಅಧಿಕಾರಿ. ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯ, ಉಳಿದ ರಾಜ್ಯಗಳು ನಿರ್ಣಯ ಮಾಡಿ ಸೇರಿಕೊಳ್ಳಬಹುದು. 50 ವರ್ಷ ಕ್ರಿಮಿನಲ್ ಕೋರ್ಟುಗಳ ಹೊಸ್ತಿಲಲ್ಲಿ ನಿಂತ ಕಾನೂನು ಈಗ ಆ ಮನೆಯನ್ನೇ ಬಿಟ್ಟು ಹೊರಟಿದೆ. ಸಣ್ಣಪುಟ್ಟ ತಪ್ಪಿಗೆ ದಂಡ ಸಾಕು ಅನ್ನೋ ಮಾತು ನಾನೂ ಒಪ್ತೀನಿ. ಆದರೆ ದೊಡ್ಡ ಕಾರ್ಖಾನೆಗೆ 15 ಲಕ್ಷ ಒಂದು ಖರ್ಚಿನ ಬಾಬ್ತು ಅಷ್ಟೇ, ಲೆಕ್ಕದ ಪುಸ್ತಕದಲ್ಲಿ ಬರೆದು ಮುಂದೆ ಹೋಗ್ತಾರೆ. ಕಟಕಟೆಯಲ್ಲಿ ನಿಲ್ಲೋ ಭಯವೇ ಬೇರೆ.

ಕ್ರಿಮಿನಲ್ ಕೇಸು ಉಳಿದಿರೋ ಕಡೆಯೂ ಹೊಸ್ತಿಲು ಇನ್ನಷ್ಟು ಎತ್ತರ ಆಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಖಾಸಗಿ ದೂರನ್ನ ಮ್ಯಾಜಿಸ್ಟ್ರೇಟ್ ಕೈಗೆತ್ತಿಕೊಳ್ಳುವ ಮೊದಲೇ ಆರೋಪಿಯ ಮಾತು ಕೇಳಬೇಕು. ನ್ಯಾಯವಾದ ಅವಕಾಶವೇ. ಆದರೆ ಸಮನ್ಸ್ ಬಗ್ಗೆಯೇ 17 ವರ್ಷ ಜಗಳ ಆಡಿದ ಚರಿತ್ರೆ ನಮ್ಮದು.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ನಮ್ಮಂಥೋರು ಮಾಡೋಕೆ ಏನೂ ಇಲ್ವಾ?" ಅಂದ. ಇದೆ. 1988ರವರೆಗೆ ಈ ಕಾಯ್ದೆಯಡಿ ಮಂಡಳಿಯೇ ದೂರು ಹಾಕಬೇಕಿತ್ತು, ಬೇರೆಯವರು ಹಾಕೋದಾದರೆ ಮಂಡಳಿಯ ಲಿಖಿತ ಪೂರ್ವಾನುಮತಿ ಬೇಕಿತ್ತು. ಪೊಲೀಸ್ ಎಫ್‌ಐಆರ್‌ನಿಂದಲೂ ಈ ಕೇಸು ಶುರುವಾಗಲ್ಲ. ಆ ವರ್ಷದ ತಿದ್ದುಪಡಿಯಿಂದ ಸೆಕ್ಷನ್ 49 ಬದಲಾಯಿತು. ಮಂಡಳಿಗೆ 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಮ್ಯಾಜಿಸ್ಟ್ರೇಟ್ ಮುಂದೆ ದೂರು ಹಾಕಬಹುದು. ಹಾಗೆ ಹಾಕಿದವರು ಕೇಳಿದರೆ ಮಂಡಳಿ ತನ್ನ ಹತ್ತಿರ ಇರೋ ವರದಿಗಳನ್ನ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಅನ್ನಿಸಿದರೆ ಮಾತ್ರ ಇಲ್ಲ ಅನ್ನಬಹುದು. ಅಂದರೆ ಬಕೆಟ್ ಇಳಿಸೋ ಅಗತ್ಯ ಇಲ್ಲ, ಸೀಲು ಹಾಕಿದ ಬಾಟಲಿಯ ವರದಿ ಕೇಳೋ ದಾರಿ ಇದೆ. ಯಾವ ಕೊಳವೆ, ಯಾವ ಘಟಕ, ಯಾವ ದಿನ ಅಂತ ಬರೀಬೇಕು. ಕಂಪನಿಯ ಪೂರ್ತಿ ಹೆಸರು ನೋಂದಣಿ ದಾಖಲೆಯಲ್ಲಿ ನೋಡಿ ಬರೀಬೇಕು. ಮೋದಿನಗರದ ಕೇಸು ಓದಿದ ಮೇಲೆ ಈ ಪಾಠ ಮರೆಯಲ್ಲ.

ಮೈಸೂರು ರಸ್ತೆಯ ಆಚೀಚೆ ಎರಡು ಶನಿವಾರ ಓಡಾಡಿ, ಕಾಲುವೆಗೆ ಬಂದು ಬೀಳೋ ಮೂರು ಕೊಳವೆಗಳ ಜಾಗ ಗುರುತು ಮಾಡಿಕೊಂಡಿದ್ದೀವಿ. ಒಂದು ಯಾವ ಕಡೆಯಿಂದ ಬರುತ್ತೆ ಅಂತ ಇನ್ನೂ ಗೊತ್ತಾಗಿಲ್ಲ. ನೋಟಿಸಿನ ಕರಡು ಬರೀತಾ ಇದ್ದೀವಿ. ಕಳಿಸಿದ ದಿನದಿಂದ 60 ದಿನ ಎಣಿಸಬೇಕು.

ಆ ಬಾಟಲಿ ತುಂಬ ದಿನ ಬಾಲ್ಕನಿಯಲ್ಲೇ ಇತ್ತು. ಹೋದ ವಾರ ಅಮ್ಮ, "ಅದನ್ನ ಎಲ್ಲಾದ್ರೂ ಚೆಲ್ಲಿ ಬಾರೋ, ಪುಣ್ಯ ಬರುತ್ತೆ" ಅಂದರು. ಬಚ್ಚಲಿಗೆ ಸುರಿಯೋಣ ಅಂತ ಮುಚ್ಚಳ ತಿರುಗಿಸಿದವನು ಅಲ್ಲೇ ನಿಂತೆ. ವಿಜಯನಗರದ ಬಚ್ಚಲಿಗೆ ಸುರಿದರೂ, ರಸ್ತೆ ಬದಿಯ ಮೋರಿಗೆ ಸುರಿದರೂ, ಅದು ಹೋಗಿ ಸೇರೋದು ವೃಷಭಾವತಿಗೇ. ಬಾಟಲಿ ಈಗಲೂ ಬಾಲ್ಕನಿಯಲ್ಲಿದೆ.